ಇಂಟರ್‌ನೆಟ್ ಮೇಲೆ ನಡೆಯುವ ಮನೆ ಫೋನ್: ಹಾಕಿಸುವ ಮುಂಚೆ

ಹೊಸ ದೇಶದಲ್ಲಿ ಇಂಟರ್‌ನೆಟ್ ಕನೆಕ್ಷನ್ ಕೊಡಲು ಬಂದವರು ಜೊತೆಗೆ ಮನೆ ಫೋನನ್ನೂ ಸೇರಿಸಿಕೊಳ್ಳಿ ಎನ್ನುತ್ತಾರೆ. ದರವನ್ನು ಆಮೇಲೆ ನೋಡೋಣ. ಕರೆಂಟ್ ಹೋದಾಗ ಆ ಫೋನಿನಿಂದ ತುರ್ತು ಕರೆ ಹೋಗುತ್ತದೆಯೇ ಎಂಬುದನ್ನು ಮೊದಲು ತಿಳಿದುಕೊಳ್ಳಿ.

ಹಳೆಯ ತಾಮ್ರದ ತಂತಿಯ ಫೋನಿಗೆ ಎಕ್ಸ್‌ಚೇಂಜಿನಿಂದಲೇ ಸುಮಾರು 48 ವೋಲ್ಟ್ ಬರುತ್ತದೆ. ಮನೆಯ ದೀಪ ಆರಿದರೂ ಅದು ಕೆಲಸ ಮಾಡುತ್ತದೆ. ಇಂಟರ್‌ನೆಟ್ ಫೋನ್ ಹಾಗಲ್ಲ. ಮೋಡೆಮ್, ರೂಟರ್, ಸಾದಾ ಫೋನನ್ನು ಇಂಟರ್‌ನೆಟ್ಟಿಗೆ ಜೋಡಿಸುವ ಪುಟ್ಟ ಪೆಟ್ಟಿಗೆಯಾದ ಫೋನ್ ಅಡಾಪ್ಟರ್, ಈ ಮೂರಕ್ಕೂ ಕರೆಂಟ್ ಬೇಕು, ಆದ್ದರಿಂದ ಮೂರನ್ನೂ ಯುಪಿಎಸ್‌ಗೆ ಹಾಕಿ. ಪ್ಲಗ್ಗಿನ ಮೇಲೆ 12 ವೋಲ್ಟ್, 1 ಆಂಪಿಯರ್ ಎಂದಿದ್ದರೆ ಅದು ಹೆಚ್ಚೆಂದರೆ 12 ವ್ಯಾಟ್ ಎಳೆಯುತ್ತದೆ. ಮೂರೂ ಸೇರಿ 25 ವ್ಯಾಟ್ ಆದರೆ, 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ ನಷ್ಟ ಕಳೆದು ಎರಡು ಗಂಟೆ ಬಂದೀತು. ಕಾರ್ಡ್‌ಲೆಸ್ ಫೋನಿನ ಬೇಸ್‌ಗೂ ಕರೆಂಟ್ ಬೇಕೆಂಬುದನ್ನು ಬಹಳ ಮಂದಿ ಮರೆಯುತ್ತಾರೆ. ತಂತಿಯ ಸಾದಾ ಫೋನೊಂದು ಇರಲಿ, ಅದಕ್ಕೆ ಅಡಾಪ್ಟರೇ ವಿದ್ಯುತ್ ಕೊಡುತ್ತದೆ. ಬಡಾವಣೆಯ ಇಂಟರ್‌ನೆಟ್ಟೇ ಬಿದ್ದುಹೋದರೆ ಯುಪಿಎಸ್ ಇದ್ದೂ ಉಪಯೋಗವಿಲ್ಲ. ಚಾರ್ಜ್ ಆದ ಮೊಬೈಲ್ ಮನೆಯಲ್ಲಿ ಇರಲೇಬೇಕು.

ತುರ್ತು ಸೇವೆಯವರಿಗೆ ಕಾಣುವುದು ಸಾಮಾನ್ಯವಾಗಿ ನೀವು ಕಂಪನಿಯಲ್ಲಿ ನೋಂದಾಯಿಸಿದ ವಿಳಾಸ. ಮನೆ ಬದಲಿಸಿ, ಅಡಾಪ್ಟರನ್ನು ಹೊಸ ಮನೆಯಲ್ಲಿ ಸಿಕ್ಕಿಸಿ, ವಿಳಾಸ ತಿದ್ದದೆ ಬಿಟ್ಟರೆ ಆಂಬುಲೆನ್ಸ್ ಹಳೆಯ ಬಾಗಿಲಿಗೆ ಹೋಗಬಹುದು. ಫ್ಲ್ಯಾಟ್ ನಂಬರಿನ ಸಮೇತ ಅದೇ ದಿನ ತಿದ್ದಿಸಿ. ಊರಿಂದ ಬಂದ ಅಪ್ಪ ಅಮ್ಮ ಹಗಲೆಲ್ಲ ಇಬ್ಬರೇ ಇರುವ ಮನೆಯಾದರೆ ಇದಕ್ಕಿಂತ ಮುಖ್ಯವಾದದ್ದು ಇಲ್ಲ. ಆ ದೇಶದ ತುರ್ತು ನಂಬರನ್ನೂ ಮನೆಯ ವಿಳಾಸವನ್ನೂ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಫೋನಿನ ಪಕ್ಕ ಅಂಟಿಸಿ.

ಇನ್ನು ಧ್ವನಿ. ಒಂದು ಕರೆಗೆ ಎರಡೂ ದಿಕ್ಕಿಗೆ ತಲಾ 100 ಕೆಬಿಪಿಎಸ್ ಇದ್ದರೆ ಸಾಕು. ಮಾತು ಕೆಡುವುದು ಹೆಚ್ಚಾಗಿ ವೇಗ ಸಾಲದೆ ಅಲ್ಲ, ಪ್ಯಾಕೆಟ್‌ಗಳು, ಅಂದರೆ ಧ್ವನಿಯನ್ನು ಹೊತ್ತು ತರುವ ಡೇಟಾದ ಚೂರುಗಳು, ತಡವಾಗಿ, ಏರುಪೇರಾಗಿ ಬರುವುದರಿಂದ. ರೂಟರಿಗೆ ಕೇಬಲ್ ಹಾಕಿದ ಕಂಪ್ಯೂಟರಿನಿಂದ ಫೋನ್ ಕಂಪನಿಯ ಸರ್ವರಿಗೆ 100 ಸಲ ಪಿಂಗ್ ಮಾಡಿ, ಅಂದರೆ ಪುಟ್ಟ ಪ್ಯಾಕೆಟ್ ಕಳಿಸಿ ಉತ್ತರ ಬರಲು ಎಷ್ಟು ಹೊತ್ತಾಯಿತು ಎಂದು ನೋಡಿ. ಹೋಗಿ ಬರಲು 150 ಮಿಲಿಸೆಕೆಂಡಿನ ಒಳಗಿದ್ದು, ಒಂದಕ್ಕಿಂತ ಹೆಚ್ಚು ಕಳೆದುಹೋಗದಿದ್ದರೆ ಒಳ್ಳೆಯದು. ಇದನ್ನು ಬೆಳಗಿನ ಜಾವ ಮಾಡಿದರೆ ಪ್ರಯೋಜನವಿಲ್ಲ, ಸಂಜೆ ಎಲ್ಲರೂ ವಿಡಿಯೋ ನೋಡುವ ಹೊತ್ತಿನಲ್ಲಿ, ಫೋಟೋ ಅಪ್‌ಲೋಡ್ ಮಾಡುತ್ತಾ ಮಾಡಿ. ಆಗ ಸಮಯ ಹಲವು ಪಟ್ಟು ಏರಿದರೆ, ನಿಮಗೆ ಎದುರಿನವರ ಮಾತು ಚೆನ್ನಾಗಿ ಕೇಳಿದರೂ ಅವರಿಗೆ ನಿಮ್ಮ ಮಾತು ತುಂಡುತುಂಡಾಗುತ್ತದೆ. ಯಾವುದಕ್ಕೆ ಮೊದಲು ದಾರಿ ಬಿಡಬೇಕೆಂದು ಹೇಳುವ, ರೂಟರಿನ ಕ್ಯೂಒಎಸ್ (QoS) ಸೆಟ್ಟಿಂಗಿನಲ್ಲಿ ಫೋನ್ ಅಡಾಪ್ಟರಿಗೆ ಆದ್ಯತೆ ಕೊಟ್ಟು, ಒಟ್ಟು ಅಪ್‌ಲೋಡನ್ನು ಸಿಗುವ ವೇಗದ ಶೇಕಡ 85–90ಕ್ಕೆ ಮಿತಿಗೊಳಿಸಿ. ಒಂದೇ ಕಡೆಯ ಮಾತು ಕೇಳುತ್ತಿದ್ದರೆ, ಅಥವಾ ಒಳಬರುವ ಕರೆ ರಿಂಗಾಗದಿದ್ದರೆ, ಇಂಟರ್‌ನೆಟ್ ಕರೆಗಳ ಪ್ಯಾಕೆಟ್‌ಗಳನ್ನು ರೂಟರ್ ತಾನಾಗಿ ತಿದ್ದುವ ‘ಎಸ್‌ಐಪಿ ಎಎಲ್‌ಜಿ’ (SIP ALG) ಎಂಬ ಸೆಟ್ಟಿಂಗನ್ನು ಆಫ್ ಮಾಡಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಅಡಾಪ್ಟರನ್ನು ಗೋಡೆಯ ಫೋನ್ ಸಾಕೆಟ್ಟಿಗೆ ಸಿಕ್ಕಿಸಬೇಡಿ. ಹೊರಗಿನ ಲೈನ್ ಇನ್ನೂ ಜೀವಂತವಾಗಿದ್ದರೆ ಅದರ ವೋಲ್ಟೇಜಿಗೆ ಅಡಾಪ್ಟರ್ ಸುಟ್ಟುಹೋಗಬಹುದು. ಫೋನನ್ನು ನೇರವಾಗಿ ಅಡಾಪ್ಟರಿಗೇ ಹಾಕಿ.

ಫ್ಯಾಕ್ಸ್, ಕಳ್ಳರು ಬಂದರೆ ಎಚ್ಚರಿಸುವ ಅಲಾರ್ಮ್, ವಯಸ್ಸಾದವರ ಕೊರಳಿನ ತುರ್ತು ಬಟನ್ ಹಳೆಯ ಲೈನಿನ ಮೇಲೆ ನಡೆಯುತ್ತಿದ್ದರೆ, ಹೊಸದರಲ್ಲಿ ನಡೆಯುತ್ತದೆಂದು ಅವುಗಳ ಕಂಪನಿಯಿಂದ ಖಚಿತಪಡಿಸಿಕೊಳ್ಳುವವರೆಗೆ ಬದಲಿಸಬೇಡಿ. ಬ್ಯಾಂಕಿನ ಒಟಿಪಿಗೂ ಈ ನಂಬರನ್ನು ನಂಬಬೇಡಿ, ಎಷ್ಟೋ ಕಡೆ ಸ್ವೀಕರಿಸುವುದಿಲ್ಲ. ‘ಅನ್‌ಲಿಮಿಟೆಡ್’ ಎಂದಿದ್ದರೆ ಅದರಲ್ಲಿ ಭಾರತ ಸೇರಿದೆಯೇ, ಮೊಬೈಲಿಗೂ ಅನ್ವಯಿಸುತ್ತದೆಯೇ ಎಂದು ಓದಿಕೊಳ್ಳಿ.

ಮನೆಯಲ್ಲಿ ಎಲ್ಲರ ಕೈಯಲ್ಲೂ ಮೊಬೈಲ್ ಇದ್ದು ಸಿಗ್ನಲ್ ಚೆನ್ನಾಗಿದ್ದರೆ ಈ ಫೋನ್ ಬೇಕಿಲ್ಲ. ಒಳಗೆ ಸಿಗ್ನಲ್ ಸಿಗದ ಮನೆಗೆ, ಮೊಬೈಲ್ ಒಗ್ಗದ ಹಿರಿಯರಿಗೆ ಹಾಕಿಸಿ.

ಹಳೆಯ ನಂಬರನ್ನೇ ಉಳಿಸಿಕೊಳ್ಳುವುದಾದರೆ ಹಳೆಯ ಲೈನನ್ನು ನೀವಾಗಿ ಕಡಿತ ಮಾಡಿಸಬೇಡಿ, ನಂಬರ್ ಕೈತಪ್ಪಬಹುದು. ವರ್ಗಾವಣೆಯನ್ನು ಹೊಸ ಕಂಪನಿಯಿಂದಲೇ ಕೇಳಿಸಿ. ನಿಮ್ಮ ಇಂಟರ್‌ನೆಟ್ ಡಿಎಸ್‌ಎಲ್ ಆಗಿ ಅದೇ ಲೈನಿನಲ್ಲಿ ಬರುತ್ತಿದ್ದರೆ, ನಂಬರ್ ಹೋದಾಗ ಇಂಟರ್‌ನೆಟ್ಟೂ ಹೋಗುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.