ಪುಟ್ಟ ಗೊಂಬೆಯ ಉಡುಪಿಗೆ ರೇಷ್ಮೆ ಹೊಳಪು ತರಲು

ಆಯಿಲ್ ಪೇಂಟ್‌ನಲ್ಲಿ ಮಿನಿಯೇಚರ್ ಗೊಂಬೆಗೆ ಸ್ಯಾಟಿನ್ ಅಥವಾ ರೇಷ್ಮೆ ಉಡುಪು ಬಿಡಿಸುವಾಗ, ಮಡಿಕೆಯ ಅತಿ ತಿಳಿ ಬಣ್ಣವನ್ನು ಅತಿ ಗಾಢ ಬಣ್ಣದ ಪಕ್ಕದಲ್ಲೇ ಇಡಿ. ನಡುವಿನ ಬಣ್ಣಕ್ಕೆ ಕಡಿಮೆ ಜಾಗ ಸಾಕು. ತಿಳಿ ಗೆರೆಯ ಒಂದು ಅಂಚನ್ನು ಮಾತ್ರ ಒಣ ಬ್ರಷ್‌ನಿಂದ ಬೆರೆಸಿ, ಇನ್ನೊಂದು ಅಂಚು ಚೂಪಾಗಿಯೇ ಇರಲಿ. ರೇಷ್ಮೆಯ ಎಳೆ ನುಣುಪು. ಬಿದ್ದ ಬೆಳಕನ್ನು ಹೆಚ್ಚಾಗಿ ಒಂದೇ ದಿಕ್ಕಿಗೆ ತಿರುಗಿಸುತ್ತದೆ, ಹಾಗಾಗಿ ಬೆಳಕು ನೆರಳು ಥಟ್ಟನೆ ಬದಲಾಗುತ್ತವೆ. ಉಣ್ಣೆ ಬೆಳಕನ್ನು ಎಲ್ಲ ಕಡೆ ಚದುರಿಸುವುದರಿಂದ ಅಲ್ಲಿ ಬದಲಾವಣೆ ನಿಧಾನ. ನೆರಳಿನ ತಳದಲ್ಲೂ ಮಂದವಾದ ಒಂದು ಗೆರೆ ಎಳೆಯಿರಿ, ಪಕ್ಕದ ಮಡಿಕೆಯ ಬೆಳಕು ಅಲ್ಲಿಗೂ ತಲುಪುತ್ತದೆ. ಹೆಚ್ಚಿನವರು ಬಿಡುವುದು ಇದನ್ನೇ, ಆದರೆ ನನ್ನ ಪ್ರಕಾರ ಬಟ್ಟೆಗೆ ಜೀವ ಬರುವುದೇ ಇದರಿಂದ. ಕೆಂಪು ಬಟ್ಟೆಯಾದರೆ ಸುಮ್ನೆ ಬಿಳಿ ಬೆರೆಸಬೇಡಿ, ಪೇಲವ ಗುಲಾಬಿಯಾಗುತ್ತದೆ. ಮೊದಲು ಕಿತ್ತಳೆ ಕಡೆಗೆ ತಿಳಿ ಮಾಡಿ, ಬಿಳಿಯನ್ನು ಕೊನೆಯ ಚುಕ್ಕೆಗೆ ಉಳಿಸಿ. ಹಾಸು (ಉದ್ದದ ಎಳೆ) ಒಂದು ಬಣ್ಣ, ಹೊಕ್ಕು (ಅಡ್ಡ ಎಳೆ) ಇನ್ನೊಂದು ಬಣ್ಣ ಇರುವ ರೇಷ್ಮೆಯಾದರೆ ತಿಳಿ ಗೆರೆಗೆ ಆ ಎರಡನೇ ಬಣ್ಣವನ್ನೇ ಬಳಸಿ. ಕೆಳಗಿನ ಪದರ ತೀರಾ ಹಸಿಯಾಗಿದ್ದರೆ ಇದು ಕೆಡುತ್ತದೆ, ತಿಳಿ ಬಣ್ಣ ನೆರಳಿನೊಳಗೆ ಕಲೆತು ಬೂದು ಬಣ್ಣಕ್ಕೆ ತಿರುಗುತ್ತದೆ. ಬೆರಳಿಗೆ ಸ್ವಲ್ಪ ಅಂಟುವಷ್ಟು ಆರಿದ ಮೇಲೆ ಶುರು ಮಾಡಿ. ಪೇಂಟ್‌ನಲ್ಲಿ ಎಣ್ಣೆ ಜಾಸ್ತಿ ಇದ್ದರೂ ಕಷ್ಟ: ಇಡೀ ಉಡುಪು ಒಂದೇ ಸಮ ಮಿನುಗಿ, ನೀವು ಬಿಡಿಸಿದ ಹೊಳಪು ಕಾಣದೇ ಹೋಗುತ್ತದೆ. ಬಳಸುವ ಮೊದಲು ಪೇಂಟನ್ನು ಸ್ವಲ್ಪ ಹೊತ್ತು ರಟ್ಟಿನ ಮೇಲಿಟ್ಟರೆ ಹೆಚ್ಚುವರಿ ಎಣ್ಣೆಯನ್ನು ರಟ್ಟು ಹೀರುತ್ತದೆ. 54 ಮಿ.ಮೀ. ಎತ್ತರದ ಮತ್ತು ಅದಕ್ಕಿಂತ ದೊಡ್ಡ ಗೊಂಬೆಗೆ ಈ ವಿಧಾನ ಚೆನ್ನ. 28 ಮಿ.ಮೀ.ಗೆ ಇಷ್ಟೆಲ್ಲ ಗೆರೆಗೆ ಜಾಗವೇ ಇರಲ್ಲ, ಅಲ್ಲಿ ಒಂದು ಚೂಪು ತಿಳಿ ಗೆರೆ ಸಾಕು.