ಬೈಕ್ ಪ್ಯಾಂಟ್ ಕೊಳ್ಳುವ ಮೊದಲು ಕೂತು ನೋಡಿ

ಭಾನುವಾರ ಬೆಳಗ್ಗೆ ಬಿಡದಿಯ ತಟ್ಟೆ ಇಡ್ಲಿ ಹೋಟೆಲ್‌ಗಳ ಮುಂದೆ ನಿಂತ ಬೈಕ್ ಸವಾರರನ್ನು ಒಮ್ಮೆ ನೋಡಿ. ಒಳ್ಳೆ ಹೆಲ್ಮೆಟ್, ಭರ್ಜರಿ ಜಾಕೆಟ್, ಗ್ಲೌಸ್ ಎಲ್ಲ ಇರುತ್ತದೆ. ಸೊಂಟದ ಕೆಳಗೆ ಮಾತ್ರ ಹಳೇ ಜೀನ್ಸ್, ಇನ್ನು ಕೆಲವರದು ಟ್ರ್ಯಾಕ್ ಪ್ಯಾಂಟ್. ಬೈಕ್ ಜಾರಿದರೆ ಮಂಡಿ ಮತ್ತು ಸೊಂಟದ ಪಕ್ಕದ ಮೂಳೆಗೆ ಪೆಟ್ಟು ಬೀಳುವುದು ತೀರಾ ಮಾಮೂಲು. ಟಾರ್ ಮೇಲೆ ಉಜ್ಜಿಕೊಂಡು ಹೋಗುವಾಗ ಸಾಮಾನ್ಯ ಜೀನ್ಸ್ ಕ್ಷಣದಲ್ಲಿ ತೂತಾಗುತ್ತದೆ, ಆಮೇಲೆ ಸವೆಯುವುದು ಚರ್ಮವೇ.

ದುಡ್ಡು ಕೊಟ್ಟು ರೈಡಿಂಗ್ ಪ್ಯಾಂಟ್ ತಂದವರ ಕಥೆಯೂ ಅಷ್ಟೇನೂ ಚೆನ್ನಾಗಿಲ್ಲ. ಹತ್ತರಲ್ಲಿ ಆರೇಳು ಜನರ ಪ್ಯಾಂಟಿನಲ್ಲಿ ಆರ್ಮರ್ (ಪೆಟ್ಟು ತಡೆಯಲು ಪ್ಯಾಂಟಿನೊಳಗೆ ಇಡುವ ದಪ್ಪ ಪ್ಯಾಡ್) ಮಂಡಿಯ ಮೇಲೆ ಇರುವುದೇ ಇಲ್ಲ ಅಂತ ನನಗನ್ನಿಸುತ್ತದೆ. ಮಳೆ ಬಂದಾಗ ರಸ್ತೆ ಪಕ್ಕದಲ್ಲಿ ಇವರು ಪಡುವ ಪಾಡು ಬೇರೆ. ಅದಕ್ಕೇ ಈ ಲೇಖನ.

ಹಂತ 1: ‘ಎಲ್ಲಾ ಕಾಲಕ್ಕೂ ಒಂದೇ ಪ್ಯಾಂಟ್’ ಅನ್ನುವುದನ್ನು ಮರೆತುಬಿಡಿ

ಡಿಸೆಂಬರ್ ಬೆಳಗಿನ ಜಾವ ಬೆಂಗಳೂರು ಬಿಟ್ಟರೆ ಕುಣಿಗಲ್ ತನಕ ಚಳಿ, ಹಾಸನದಲ್ಲಿ ಚುರುಕು ಬಿಸಿಲು, ಶಿರಾಡಿ ಇಳಿದು ಉಪ್ಪಿನಂಗಡಿ ಮುಟ್ಟಿದರೆ ಬೆವರು. ಜುಲೈ ಆದರೆ ಸಕಲೇಶಪುರದಿಂದ ಮುಂದೆ ಮಳೆ ಬಿಡುವುದೇ ಇಲ್ಲ. ಒಂದೇ ದಿನ, ಸುಮಾರು 300 ಕಿಲೋಮೀಟರ್, ಮೂರು ಥರದ ಹವೆ. ಇದನ್ನೇ ತೋರಿಸಿ ಅಂಗಡಿಯವರು ಮೂರು ಪದರದ ಪ್ಯಾಂಟ್ ಮಾರುತ್ತಾರೆ: ಹೊರಗೆ ದಪ್ಪ ಬಟ್ಟೆ, ಒಳಗೆ ಮಳೆ ತಡೆಯುವ ಲೈನರ್, ಅದರೊಳಗೆ ಚಳಿಯ ಲೈನರ್. ಕೇಳೋಕೆ ಚೆನ್ನಾಗಿದೆ ಅಲ್ವಾ? ಲಡಾಖ್‌ಗೆ ಹೊರಟಿದ್ದರೆ ತಗೊಳ್ಳಿ. ನಮ್ಮ ಕಡೆಗೆ ಬೇಡ. ಏಪ್ರಿಲ್‌ನಲ್ಲಿ ಚಿತ್ರದುರ್ಗ ದಾಟುವಷ್ಟರಲ್ಲಿ ಅದು ಬಿಚ್ಚಿ ಬ್ಯಾಗಿಗೆ ಸೇರುತ್ತದೆ, ಮತ್ತೆ ಅದೇ ಜೀನ್ಸ್.

ನನ್ನ ಲೆಕ್ಕ ಸರಳ. ಗಾಳಿಯಾಡುವ ಮೆಶ್ ಪ್ಯಾಂಟ್ ಒಂದು, ಅದರ ಮೇಲೆ ಹಾಕುವ ಮಳೆ ಪ್ಯಾಂಟ್ ಒಂದು, ಒಳಗೆ ಹಾಕಲು ತೆಳ್ಳನೆಯ ಲೆಗ್ಗಿಂಗ್ಸ್ ಒಂದು. ಕರ್ನಾಟಕದ ಎಲ್ಲಾ ಹವೆಗೂ ಇಷ್ಟು ಸಾಕು.

ಹಂತ 2: ಬಟ್ಟೆ

ಮೆಶ್ ಅಂದರೆ ಪೂರ್ತಿ ಜಾಲರಿ ಇರಬಾರದು. ತೊಡೆಯ ಮುಂಭಾಗ ಜಾಲರಿ ಇರಲಿ. ಮಂಡಿ, ಕುಂಡಿ, ಸೊಂಟದ ಪಕ್ಕ ಮಾತ್ರ ಗಟ್ಟಿ ನೇಯ್ಗೆಯ ನೈಲಾನ್ ಬೇಕು. ಅಲ್ಲೂ ಜಾಲರಿ ಹಾಕಿದ ಅಗ್ಗದ ಪ್ಯಾಂಟ್‌ಗಳಿವೆ, ಮುಟ್ಟಬೇಡಿ.

ಊರೊಳಗೆ ಓಡಾಡಲು ರೈಡಿಂಗ್ ಜೀನ್ಸ್ ಚೆನ್ನಾಗಿದೆ, ಆಫೀಸಿನಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಕೊಳ್ಳುವಾಗ ಒಳಮೈ ಹೊರಗೆ ಮಾಡಿ ನೋಡಿ. ಹೆಚ್ಚಾಗಿ ಹಳದಿ ಬಣ್ಣದ, ಅರಾಮಿಡ್ ಅನ್ನುವ ಗಟ್ಟಿ ನಾರಿನ ಅಸ್ತರು ಕಾಣುತ್ತದೆ, ಕೆವ್ಲಾರ್ ಅನ್ನುವುದು ಅದರಲ್ಲೇ ಒಂದು ಬ್ರ್ಯಾಂಡ್. ಅದು ಮಂಡಿಗೆ ಅಂಗೈ ಅಗಲ ಮಾತ್ರ ಇದ್ದರೆ ಉಳಿದದ್ದೆಲ್ಲ ಮಾಮೂಲಿ ಜೀನ್ಸ್ ಅಂತಲೇ ಲೆಕ್ಕ. ಲೆದರ್ ಪ್ಯಾಂಟ್ ರೇಸ್ ಟ್ರ್ಯಾಕಿಗೆ ಸರಿ, ಮಂಗಳೂರಿನ ಸೆಕೆಗೆ ಅಲ್ಲ.

ಹಂತ 3: ಚೀಟಿ ಓದಿ

ನಮ್ಮಲ್ಲಿ ಹೆಲ್ಮೆಟ್‌ಗೆ 2021ರ ಜೂನ್‌ನಿಂದ ಐಎಸ್ಐ ಗುರುತು ಕಡ್ಡಾಯ. ಪ್ಯಾಂಟಿಗೆ ಅಂಥ ಕಡ್ಡಾಯವೇನೂ ಇಲ್ಲ, ಹಾಗಾಗಿ ಯುರೋಪಿನ ಗುಣಮಟ್ಟವನ್ನೇ, ಅಂದರೆ ಸಿಇ ಗುರುತನ್ನೇ ನೋಡಬೇಕು. ಇಲ್ಲೊಂದು ಮೋಸ ಇದೆ. ‘ಸಿಇ ಇದೆ ಸಾರ್’ ಅಂದಾಗ ಬಹಳ ಸಲ ಅದು ಒಳಗಿನ ಆರ್ಮರ್‌ಗೆ ಸಿಕ್ಕ ಸರ್ಟಿಫಿಕೇಟ್, ಪ್ಯಾಂಟಿಗಲ್ಲ. ಇಡೀ ಪ್ಯಾಂಟ್ ಪರೀಕ್ಷೆ ಆಗಿದ್ದರೆ ಒಳಗಿನ ಚೀಟಿಯಲ್ಲಿ ಬೈಕ್ ಸವಾರನ ಚಿಕ್ಕ ಚಿತ್ರ, ಇಎನ್ 17092 ಅನ್ನುವ ಸಂಖ್ಯೆ, ಜೊತೆಗೆ ಎಎಎ, ಎಎ, ಎ ಈ ಮೂರರಲ್ಲೊಂದು ದರ್ಜೆ ಇರುತ್ತದೆ. ಎಎಎ ಎಲ್ಲಕ್ಕಿಂತ ಗಟ್ಟಿ, ಬಿಸಿಯೂ ಜಾಸ್ತಿ. ಹೆದ್ದಾರಿಗೆ ಎಎ ಸಾಕು. ಬಿ ಅಂತಲೂ ಒಂದು ದರ್ಜೆ ಇದೆ, ಅದರಲ್ಲಿ ಆರ್ಮರ್ ಇರುವುದಿಲ್ಲ, ತಿಳಿದಿರಲಿ.

ಆರ್ಮರ್ ಹೊರಗೆ ತೆಗೆದು ಹಿಂಭಾಗ ನೋಡಿ. ಇಎನ್ 1621-1 ಅಂತ ಅಚ್ಚೊತ್ತಿರಬೇಕು, ಪಕ್ಕದಲ್ಲಿ ಲೆವೆಲ್ 1 ಅಥವಾ 2. ಪರೀಕ್ಷೆಯಲ್ಲಿ ಪೆಟ್ಟು ಕೊಟ್ಟಾಗ ಆಚೆ ಬದಿಗೆ ದಾಟುವ ಬಲ ಲೆವೆಲ್ 1ರಲ್ಲಿ ಸರಾಸರಿ 35 ಕಿಲೋನ್ಯೂಟನ್ ಮೀರಬಾರದು, ಲೆವೆಲ್ 2ರಲ್ಲಿ 20. ವ್ಯತ್ಯಾಸ ಸಣ್ಣದಲ್ಲ. ಮಂಡಿಗೆ ಲೆವೆಲ್ 2 ಹಾಕಿಸಿಕೊಳ್ಳಿ, ಬಿಡಿಯಾಗಿ ಸಿಗುತ್ತದೆ. ಇಂಗ್ಲಿಷಿನ ಟಿ ಅಕ್ಷರದ ಪಕ್ಕ ಪ್ಲಸ್ ಇದ್ದರೆ 40 ಡಿಗ್ರಿಯಲ್ಲೂ, ಮೈನಸ್ ಇದ್ದರೆ ಮೈನಸ್ 10 ಡಿಗ್ರಿಯಲ್ಲೂ ಪರೀಕ್ಷೆ ಆಗಿದೆ ಅಂತ ಅರ್ಥ. ಮೆತ್ತನೆಯ ಆರ್ಮರ್ ಬಿಸಿಗೆ ಇನ್ನೂ ಮೆತ್ತಗಾಗುತ್ತದೆ, ಚಳಿಗೆ ಗಡಸಾಗುತ್ತದೆ. ರಾಯಚೂರು, ಕಲಬುರಗಿ ಕಡೆಯವರು ಆ ಪ್ಲಸ್ ಗುರುತನ್ನು ಹುಡುಕಿಯೇ ಕೊಳ್ಳಿ.

ಒಳಗಡೆ ಸೊಂಟದ ಪಕ್ಕ ಆರ್ಮರ್ ಇಡುವ ಜೇಬಿಗೆ ಕೈ ಹಾಕಿ ನೋಡಿ. ಎಷ್ಟೋ ಪ್ಯಾಂಟ್‌ಗಳಲ್ಲಿ ಅಲ್ಲಿ ಸುಮ್ನೆ ಒಂದು ತುಂಡು ಸ್ಪಂಜ್ ಇರುತ್ತದೆ, ಅದಕ್ಕೆ ಯಾವ ನಂಬರೂ ಇರುವುದಿಲ್ಲ. ಅದು ಆರ್ಮರ್ ಅಲ್ಲ.

ಹಂತ 4: ಅಳತೆ. ಎಲ್ಲರೂ ಎಡವುವುದು ಇಲ್ಲೇ

ಅಂಗಡಿಯಲ್ಲಿ ಪ್ಯಾಂಟ್ ಹಾಕಿಕೊಂಡು ಕನ್ನಡಿ ಮುಂದೆ ನಿಲ್ಲುತ್ತೀರಿ. ಚೆನ್ನಾಗಿ ಕಾಣುತ್ತದೆ. ಆದರೆ ನೀವು ಬೈಕ್ ಓಡಿಸುವುದು ನಿಂತುಕೊಂಡಲ್ಲವಲ್ಲ! ಕೂತು ಮಂಡಿ ಮಡಚಿದರೆ ಬಟ್ಟೆ ಮೇಲಕ್ಕೆ ಎಳೆದುಕೊಳ್ಳುತ್ತದೆ, ಅದರ ಜೊತೆ ಆರ್ಮರ್ ಕೂಡ ಮೇಲೇರುತ್ತದೆ. ನಿಂತಾಗ ಸರಿಯಾಗಿ ಮಂಡಿ ಚಿಪ್ಪಿನ ಮೇಲಿದ್ದದ್ದು ಕೂತಾಗ ತೊಡೆಗೆ ಹೋಗಿರುತ್ತದೆ. ಹಾಗಾಗಿ ನಿಂತಾಗ ಆರ್ಮರ್ ಸ್ವಲ್ಪ ಕೆಳಗಿದ್ದಂತೆ ಅನ್ನಿಸಬೇಕು, ಅದೇ ಸರಿ.

ಮೊದಲು ಪ್ಯಾಂಟನ್ನು ನಿಜವಾದ ಸೊಂಟಕ್ಕೆ ಏರಿಸಿ. ಜೀನ್ಸ್ ಹಾಕುವ ಹಾಗೆ ಕೆಳಗೆ ಬಿಟ್ಟರೆ ಎಲ್ಲ ಲೆಕ್ಕವೂ ಎರಡು ಇಂಚು ತಪ್ಪುತ್ತದೆ. ಪಕ್ಕದ ಪಟ್ಟಿ ಎಳೆದು ಬಿಗಿ ಮಾಡಿ. ಬೂಟ್ ಹಾಕಿಕೊಂಡೇ ನೋಡಿ, ಚಪ್ಪಲಿಯಲ್ಲಿ ಬೇಡ. ಆಮೇಲೆ ನಿಮ್ಮ ಬೈಕ್ ಮೇಲೆ ಕೂತು ಎರಡೂ ಕಾಲನ್ನು ಫುಟ್‌ರೆಸ್ಟ್ ಮೇಲಿಡಿ, ಯಾರಾದರೂ ಬೈಕ್ ಹಿಡಿದುಕೊಳ್ಳಲಿ. ಅಂಗಡಿ ಮುಂದೆಯೇ ಬೈಕ್ ನಿಲ್ಲಿಸಿರುತ್ತೀರಿ, ಐದು ನಿಮಿಷದ ಕೆಲಸ. ಒಪ್ಪದ ಅಂಗಡಿಯಲ್ಲಿ ಕೊಳ್ಳಲೇಬೇಡಿ. ಬೈಕ್ ಯಾವುದು ಅನ್ನುವುದೂ ಮುಖ್ಯ. ಕ್ರೂಸರ್‌ನಲ್ಲಿ ಕಾಲು ಮುಂದಕ್ಕೆ ಚಾಚಿರುತ್ತದೆ, ಸ್ಪೋರ್ಟ್ಸ್ ಬೈಕಿನಲ್ಲಿ ಪೂರ್ತಿ ಮಡಚಿರುತ್ತದೆ, ಒಂದಕ್ಕೆ ಸರಿಹೋದ ಆರ್ಮರ್ ಇನ್ನೊಂದಕ್ಕೆ ಹೋಗುವುದಿಲ್ಲ.

ಕೂತಾಗ ಬೆರಳಿನಿಂದ ಒತ್ತಿ ಮಂಡಿ ಚಿಪ್ಪನ್ನು ಹುಡುಕಿ. ಆರ್ಮರ್‌ನ ಗುಳಿ ಸರಿಯಾಗಿ ಅದರ ಮೇಲಿರಬೇಕು, ಉಳಿದ ಉದ್ದ ಕೆಳಗಿನ ಎಲುಬಿನ ಮೇಲೆ ಇಳಿದಿರಬೇಕು. ತಪ್ಪಿದ್ದರೆ ಒಳಗಿನ ಜೇಬು ನೋಡಿ. ಒಳ್ಳೆ ಪ್ಯಾಂಟಿನಲ್ಲಿ ಆರ್ಮರ್ ಮೇಲೆ ಕೆಳಗೆ ಸರಿಸಲು ವೆಲ್ಕ್ರೋ ಇರುತ್ತದೆ, ಅದನ್ನು ಒಂದೊಂದು ಸ್ಥಾನ ಬದಲಿಸಿ ಮತ್ತೆ ಕೂತು ನೋಡಿ. ಬೇಜಾರಿನ ಕೆಲಸ, ಆದರೂ ಮಾಡಿ. ವೆಲ್ಕ್ರೋ ಇಲ್ಲದೆ ಹೊಲಿದೇಬಿಟ್ಟ ಜೇಬಾದರೆ, ನಿಮಗೆ ಹೊಂದದಿದ್ದರೆ, ಆ ಪ್ಯಾಂಟ್ ನಿಮ್ಮದಲ್ಲ. ಟೈಲರ್ ಹತ್ತಿರ ಕೆಳಗಡೆ ಕತ್ತರಿಸಿದರೆ ಉದ್ದ ಕಮ್ಮಿ ಆಗುತ್ತದೆಯೇ ಹೊರತು ಮಂಡಿ ಜಾಗ ಬದಲಾಗುವುದಿಲ್ಲ.

ಜಾಗ ಸರಿಯಾಯಿತು ಅಂದಮೇಲೆ ಆರ್ಮರನ್ನು ಕೈಯಲ್ಲಿ ಹಿಡಿದು ಪಕ್ಕಕ್ಕೆ ತಿರುಗಿಸಲು ನೋಡಿ. ಸುಲಭವಾಗಿ ತಿರುಗಿ ಮಂಡಿಯ ಪಕ್ಕಕ್ಕೆ ಹೋದರೆ ಪ್ಯಾಂಟ್ ಸಡಿಲ. ಬಿದ್ದಾಗಲೂ ಅದು ಹಾಗೇ ತಿರುಗುತ್ತದೆ. ‘ಸ್ವಲ್ಪ ಲೂಸ್ ಇರಲಿ, ಆರಾಮ’ ಅಂತ ಒಂದು ಸೈಜ್ ದೊಡ್ಡದು ತಗೊಳ್ಳುವವರು ಕೆಡುವುದು ಇಲ್ಲಿಯೇ. ಮೀನಖಂಡದ ಹತ್ತಿರ ಬಿಗಿ ಮಾಡುವ ಪಟ್ಟಿ ಇದ್ದರೆ ಉಪಯೋಗಿಸಿ.

ಹೆಣ್ಣುಮಕ್ಕಳಿಗೆ ಇನ್ನೂ ತೊಂದರೆ. ಗಂಡಸರ ಪ್ಯಾಂಟ್ ಕುಂಡಿಗೆ ಹಿಡಿಸಿದರೆ ಸೊಂಟದಲ್ಲಿ ಜೋಲುತ್ತದೆ, ಜೋಲಿದರೆ ಮಂಡಿಯ ಆರ್ಮರ್ ಕೂಡ ಕೆಳಗೆ ಬರುತ್ತದೆ. ಹೆಂಗಸರ ಅಳತೆಯ ಪ್ಯಾಂಟ್ ಈಗ ನಮ್ಮ ದೇಶದ ಕಂಪನಿಗಳೂ ಮಾಡುತ್ತಿವೆ, ಹುಡುಕಿ ಅದನ್ನೇ ಕೊಳ್ಳಿ.

ಆನ್‌ಲೈನ್‌ನಲ್ಲಿ ತರಿಸುವುದಾದರೆ ವಾಪಸ್ ತೆಗೆದುಕೊಳ್ಳುವವರ ಹತ್ತಿರ ಮಾತ್ರ ತರಿಸಿ.

ಹಂತ 5: ಬಿಸಿಲಿಗೆ

ಒಳಗೆ ಕಾಟನ್ ಬೇಡ, ಬೆವರು ಹೀರಿಕೊಂಡು ಅಲ್ಲೇ ಒದ್ದೆಯಾಗಿ ಕೂರುತ್ತದೆ, ತೊಡೆ ಕೆರೆದುಹೋಗುತ್ತದೆ. ತೆಳ್ಳನೆಯ ಪಾಲಿಯೆಸ್ಟರ್ ಲೆಗ್ಗಿಂಗ್ಸ್ ಹಾಕಿ. ಬಳ್ಳಾರಿ, ಕಲಬುರಗಿಯ ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದಾಗ ಗಾಳಿಯೇ ಮೈಗಿಂತ ಬಿಸಿ ಇರುತ್ತದೆ. ಆಗ ಮೆಶ್ ಒಂದೇ ಸಾಲದು. ಲೆಗ್ಗಿಂಗ್ಸ್ ನೀರಲ್ಲಿ ಅದ್ದಿ ಹಿಂಡಿ ಹಾಕಿಕೊಂಡರೆ ಒಣ ಹವೆಯಲ್ಲಿ ಸ್ವಲ್ಪ ಹೊತ್ತು ತಂಪು. ಉಡುಪಿ, ಕಾರವಾರದ ಕಡೆ ಈ ಉಪಾಯ ನಡೆಯುವುದಿಲ್ಲ, ಅಲ್ಲಿಯ ಹವೆಯಲ್ಲಿ ನೀರು ಆರುವುದೇ ಇಲ್ಲ.

ಹಂತ 6: ಮಳೆಗೆ

ಒಳಗೆ ಸಿಕ್ಕಿಸುವ ಲೈನರ್ ಬೇಡ ಅನ್ನಲು ಕಾರಣ ಎರಡು. ಮಳೆ ಶುರುವಾದಾಗ ಲೈನರ್ ಹಾಕಬೇಕೆಂದರೆ ಪ್ಯಾಂಟೇ ಬಿಚ್ಚಬೇಕು. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಎಲ್ಲಿ ಬಿಚ್ಚುತ್ತೀರಿ? ಎರಡನೆಯದು, ಲೈನರ್ ಮೈಯನ್ನು ಒಣಗಿಸಿಟ್ಟರೂ ಹೊರಗಿನ ಬಟ್ಟೆ ಪೂರ್ತಿ ನೀರು ಕುಡಿಯುತ್ತದೆ. ಭಾರ, ಮೇಲೆ ಗಾಳಿ ಹೊಡೆದಾಗ ಚಳಿ. ಆಗುಂಬೆ, ಕೊಟ್ಟಿಗೆಹಾರದ ಹೋಂಸ್ಟೇಯಲ್ಲಿ ರಾತ್ರಿಯಿಡೀ ನೇತುಹಾಕಿದರೂ ಆರುವುದಿಲ್ಲ, ಬೆಳಗ್ಗೆ ಅದನ್ನೇ ಹಾಕಬೇಕು.

ಮೇಲೆ ಹಾಕುವ ಮಳೆ ಪ್ಯಾಂಟ್ ಕೊಳ್ಳುವಾಗ ಹೊಲಿಗೆ ನೋಡಿ. ಒಳಗಡೆ ಪ್ರತಿ ಹೊಲಿಗೆಯ ಮೇಲೂ ಟೇಪ್ ಅಂಟಿಸಿರಬೇಕು. ನೀರು ಮೊದಲು ನುಗ್ಗುವುದು ಎರಡು ಕಾಲು ಸೇರುವ ಕಡೆ, ಸೀಟಿನ ಮೇಲೆ ನೀರು ನಿಂತು ಅಲ್ಲಿಂದ ಒಸರುತ್ತದೆ. ಅಲ್ಲಿ ನಾಲ್ಕು ಹೊಲಿಗೆ ಒಂದೇ ಜಾಗದಲ್ಲಿ ಸೇರುವ ಪ್ಯಾಂಟ್ ಬೇಡ, ಅಡಿಭಾಗಕ್ಕೆ ಒಂದೇ ತುಂಡು ಬಟ್ಟೆ ಇದ್ದರೆ ಒಳ್ಳೆಯದು. ಪಕ್ಕದ ಜಿಪ್ ಮಂಡಿ ಮೇಲಿನವರೆಗೂ ತೆರೆಯಬೇಕು, ಬೂಟ್ ಬಿಚ್ಚದೆ ಹಾಕುವಂತಿರಬೇಕು. ಅಳತೆ ನೋಡುವುದು ರೈಡಿಂಗ್ ಪ್ಯಾಂಟಿನ ಮೇಲೇ. ಸೈಲೆನ್ಸರ್ ಇರುವ ಕಡೆಯ ಕಾಲಿಗೆ ಒಳಬದಿ ಬಿಸಿ ತಡೆಯುವ ಪಟ್ಟಿ ಇದೆಯೋ ನೋಡಿ, ಇಲ್ಲದಿದ್ದರೆ ಮೊದಲ ಸಿಗ್ನಲ್‌ನಲ್ಲೇ ಕರಗಿ ಅಂಟಿಕೊಳ್ಳಬಹುದು. ಕೆಳತುದಿ ಬೂಟಿನ ಹೊರಗೆ ಇರಲಿ. ಒಳಗೆ ತುರುಕಿದರೆ ನೀರೆಲ್ಲ ನೇರ ಬೂಟಿಗೇ ಇಳಿಯುತ್ತದೆ.

ಮೋಡ ಕಂಡಾಗಲೇ ನಿಲ್ಲಿಸಿ ಹಾಕಿಕೊಳ್ಳಿ. ‘ಇನ್ನೊಂದು ಐದು ಕಿಲೋಮೀಟರ್ ನೋಡೋಣ’ ಅಂದವರೆಲ್ಲ ಒದ್ದೆ ಪ್ಯಾಂಟಿನ ಮೇಲೆ ಮಳೆ ಪ್ಯಾಂಟ್ ಹಾಕುತ್ತಾರೆ. ರಸ್ತೆ ಬದಿ ನೂರಿನ್ನೂರಕ್ಕೆ ಸಿಗುವ ಪ್ಲಾಸ್ಟಿಕ್ ಪ್ಯಾಂಟ್ ಹಾಲು ತರೋಕೆ ಸಾಕು, 80ರ ವೇಗದ ಗಾಳಿಗೆ ಸೀಳಿಹೋಗುತ್ತದೆ.

ಹಂತ 7: ಚಳಿಗೆ

ಅದೇ ಮಳೆ ಪ್ಯಾಂಟ್ ಹಾಕಿ. ಕಾಲಿಗೆ ಚಳಿ ಹತ್ತುವುದು ಗಾಳಿಯಿಂದ, ಗಾಳಿ ನಿಂತರೆ ಮುಕ್ಕಾಲು ಚಳಿ ಹೋದಂತೆ. ಮಡಿಕೇರಿ, ಬಾಬಾಬುಡನಗಿರಿಯ ಜನವರಿಗೆ ಒಳಗೊಂದು ಥರ್ಮಲ್ ಸೇರಿಸಿದರೆ ಮುಗಿಯಿತು.

ಪ್ಯಾಂಟ್ ಬೇಡವೇ ಬೇಡ ಅನ್ನುವವರಿಗೆ

ದಿನಾ ಆಫೀಸಿಗೆ ಹೋಗುವವರು ಜೀನ್ಸ್ ಮೇಲೆ ಕಟ್ಟುವ ಮಂಡಿ ಗಾರ್ಡ್ ಹಾಕಬಹುದು. ಸೊಂಟಕ್ಕೆ, ಚರ್ಮಕ್ಕೆ ಅದರಿಂದ ಏನೂ ರಕ್ಷಣೆ ಇಲ್ಲ, ಮಂಡಿಗಾದರೂ ಇದೆ. ಅದಕ್ಕೂ 1621-1 ನಂಬರ್ ಇರಬೇಕು, ಬರೀ ಗಟ್ಟಿ ಪ್ಲಾಸ್ಟಿಕ್ ಚಿಪ್ಪು ನೋಡಿ ಮರುಳಾಗಬೇಡಿ. ಕೂತು ಮಂಡಿ ಮಡಚಿಕೊಂಡೇ ಕಟ್ಟಿ. ಮೊದಲು ಮಂಡಿಯ ಕೆಳಗಿನ ಪಟ್ಟಿ ಬಿಗಿಯಿರಿ, ಮೀನಖಂಡ ಉಬ್ಬುವ ಜಾಗಕ್ಕಿಂತ ಮೇಲೆ. ಅಲ್ಲಿ ಕಟ್ಟಿದರೆ ಗಾರ್ಡ್ ಕೆಳಗೆ ಜಾರುವುದಿಲ್ಲ. ಆಮೇಲೆ ಮೇಲಿನದು, ಅದು ತುಸು ಸಡಿಲ ಇರಲಿ. ಪಟ್ಟಿಯ ಬಕಲ್ ಹೊರಬದಿಗೆ ಬರಲಿ, ಒಳಬದಿಗೆ ಬಂದರೆ ಟ್ಯಾಂಕ್ ಗೀಚುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ಯಾವ ಪ್ಯಾಂಟ್ ಹಾಕಿದರೂ ಮುಂದಿನ ಜೇಬಿನಲ್ಲಿ ಕೀ ಗೊಂಚಲು ಇಡಬೇಡಿ. ಬಿದ್ದರೆ ತೊಡೆಗೆ ಚುಚ್ಚುತ್ತದೆ.

ಒಗೆಯುವುದು

ಆರ್ಮರ್ ಎಲ್ಲ ತೆಗೆದು, ತಣ್ಣೀರಿನಲ್ಲಿ, ಸ್ವಲ್ಪವೇ ಸೋಪು ಹಾಕಿ ಒಗೆಯಿರಿ. ಬ್ಲೀಚ್ ಬೇಡ. ರೈಡಿಂಗ್ ಜೀನ್ಸನ್ನು ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕಲೇಬೇಡಿ, ಅರಾಮಿಡ್ ಬಿಸಿಲಿಗೆ ಬಲ ಕಳೆದುಕೊಳ್ಳುತ್ತದೆ. ನೆರಳಲ್ಲಿ ಆರಲಿ. ಆರ್ಮರ್ ವಾಪಸ್ ಹಾಕುವಾಗ ಅಗಲದ ತುದಿ ಮೇಲೆ, ಕಿರಿದಾದದ್ದು ಕೆಳಗೆ. ಎಡ ಬಲ ಬೇರೆ ಬೇರೆ ಇದ್ದರೆ ತೆಗೆಯುವ ಮೊದಲೇ ಪೆನ್ನಿನಲ್ಲಿ ಗುರುತು ಹಾಕಿ. ಹಾಕಿಯಾದ ಮೇಲೆ ಇನ್ನೊಮ್ಮೆ ಬೈಕ್ ಮೇಲೆ ಕೂತು ಮಂಡಿ ಚಿಪ್ಪು ಎಲ್ಲಿದೆ ಅಂತ ಒತ್ತಿ ನೋಡಿ, ಒಗೆದಾಗ ವೆಲ್ಕ್ರೋ ಜಾಗ ಬದಲಾಗಿರುತ್ತದೆ.