ಕೀಬೋರ್ಡ್ ಬಿಚ್ಚೋ ಟ್ಯಾಬ್ಲೆಟ್ ತಗೋಬೇಕಾ ಬ್ಯಾಡಾ: ನನ್ನ ಅನುಭವ

ನಾ ಕಲಬುರಗ್ಯಾಗ ವಕೀಲಿ ಮಾಡ್ತೀನ್ರಿ. ಹೈಕೋರ್ಟ್ ಪೀಠದಾಗೂ ಕೆಲಸ ಇರ್ತದ, ಸೇಡಂ ಆಳಂದ ಕೋರ್ಟಿಗೂ ಬಸ್ಸಿನಾಗ ಓಡಾಡೋದಿರ್ತದ, ದಪ್ಪ ದಪ್ಪ ಫೈಲ್ ಹೊತ್ತು ಸಾಕಾಗಿ ಈ ಟ್ಯಾಬ್ಲೆಟ್ ವಿಚಾರ ತಲ್ಯಾಗ ಬಂತು.

ಅಂಗಡಿಗೆ ಹೋಗೋ ಮೊದ್ಲು ನಾ ಎಲ್ಲಿ ಕೂತು ಏನ್ ಮಾಡ್ತೀನಿ ಅಂತ ಡೈರಿಯಾಗ ಬರ್ಕೊಂತ ಹೋದೆ. ಹೊರಗಿದ್ದಾಗ ಬರೇ ಓದೋದು, ತೀರ್ಪಿನ ಪಿಡಿಎಫ್‌ನಾಗ ಗೆರಿ ಎಳೆಯೋದು. ಟೈಪಿಂಗ್ ಎಲ್ಲಾ ರಾತ್ರಿ ಆಫೀಸಿನ ಟೇಬಲ್ ಮ್ಯಾಲ. ಇದು ಭಾಳ ಮುಖ್ಯ, ಯಾಕಂದ್ರ ಹಿಂದ ಸ್ಟ್ಯಾಂಡ್ ಇರೋ ಟ್ಯಾಬ್ಲೆಟ್ ಟೇಬಲ್ ಮ್ಯಾಲ ಗಟ್ಟಿ ನಿಲ್ತದ, ತೊಡಿ ಮ್ಯಾಲ ಇಟ್ರ ಅಲ್ಲಾಡ್ತದ, ಜಾಗಾನೂ ಉದ್ದ ಬೇಕು.

ಆಮ್ಯಾಲ ಪೆನ್‌ಡ್ರೈವ್‌ನಾಗ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಾಗ ಟೈಪ್ ಮಾಡಿದ ಒಂದು ಹಳೇ ಅರ್ಜಿ ಹಾಕ್ಕೊಂಡು ಅಂಗಡಿಗೆ ಹೋದೆ. ಆಂಡ್ರಾಯ್ಡ್ ಟ್ಯಾಬ್‌ನಾಗ ತೆರೆದ್ರ ಕನ್ನಡದ ಬದ್ಲು ಇಂಗ್ಲಿಷ್ ಅಕ್ಷರ, ಚಿಹ್ನಿ ಕಲಸಿಟ್ಟಂಗ ಬಂತು. ಹಳೇ ನುಡಿ ಫೈಲ್ ಯೂನಿಕೋಡ್ (ಈಗ ಎಲ್ಲಾ ಡಿವೈಸ್‌ನಾಗೂ ಓದ್ಲಾಕ ಬರೋ ಅಕ್ಷರ ಪದ್ಧತಿ) ಅಲ್ಲ, ಇಂಗ್ಲಿಷ್ ಅಕ್ಷರದ ಜಾಗದಾಗ ಕನ್ನಡದ ಆಕಾರ ಕೂಡ್ಸಿರ್ತಾರ, ಆ ಫಾಂಟ್ ಇಲ್ಲಂದ್ರ ಓದ್ಲಾಕ ಬರಲ್ಲ. ನನ್ನ ಹತ್ರ ಇಂಥಾ ಫೈಲ್ ರಾಶಿ ಅವ. ನನ್ನ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್‌ಗೂ (ಪೆನ್‌ಡ್ರೈವ್‌ನಂಥಾದು, ಸಹಿ ಅದ್ರಾಗಿರ್ತದ) ವಿಂಡೋಸ್ ಬೇಕು. ಹಂಗಾಗಿ ಆಂಡ್ರಾಯ್ಡೂ ಐಪ್ಯಾಡೂ ಎರಡೂ ಬಿಟ್ಟೆ. ಐಪ್ಯಾಡ್‌ನ ತೂಕಾನೂ ನೋಡಿದ್ದೆ: 11 ಇಂಚಿನ ಏರ್ ಅರ್ಧ ಕೆಜಿ ಒಳಗ ಅದ, ಅದಕ್ಕ ಜೋಡ್ಸೋ ಆಪಲ್‌ನ ಮ್ಯಾಜಿಕ್ ಕೀಬೋರ್ಡ್ ಅದಕ್ಕಿಂತ ಭಾರ, ಎರಡೂ ಸೇರಿದ್ರ ಒಂದ್ ಕೆಜಿ ದಾಟ್ತದ.

ವಿಂಡೋಸ್‌ನಾಗೂ ಒಂದು ಆಯ್ಕೆ ಅದ. ಸ್ನಾಪ್‌ಡ್ರಾಗನ್ ಪ್ರೊಸೆಸರ್ ಇದ್ರ ಬ್ಯಾಟರಿ ಚಲೋ, ಆದ್ರ ಇಂಟೆಲ್‌ಗಂತ ಬರೆದ ಹಳೇ ಡ್ರೈವರ್ (ಪ್ರಿಂಟರ್‌ನಂಥಾ ಸಾಮಾನು ನಡೆಸೋ ಸಾಫ್ಟ್‌ವೇರ್) ಅದ್ರಾಗ ಓಡಲ್ಲ, ಪ್ರಿಂಟರ್ ಟೋಕನ್ ಎರಡೂ ಕೈಕೊಡಬಹುದು. ಇಂಟೆಲ್‌ನೇ ಬೇಕು ಅಂತ ಗಟ್ಟಿ ಮಾಡ್ದೆ. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಇಂಟೆಲ್ 8ನೇ ಜನರೇಷನ್‌ಗಿಂತ ಹಳೇದು ಮುಟ್ಟಬ್ಯಾಡ್ರಿ, ಅದಕ್ಕ ವಿಂಡೋಸ್ 11 ಅಧಿಕೃತವಾಗಿ ಸಿಗಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್‌ಗೆ ಮುಗೀತು. ನಾ ತಗೊಂಡಿದ್ದು ಮೈಕ್ರೋಸಾಫ್ಟ್‌ನ ವಿಂಡೋಸ್ ಟ್ಯಾಬ್ಲೆಟ್ ಸರ್ಫೇಸ್ ಪ್ರೋ 7, ಸೆಕೆಂಡ್ ಹ್ಯಾಂಡೇ. ಅದ್ರಾಗ ದೊಡ್ಡ ಯುಎಸ್‌ಬಿ ಪೋರ್ಟ್ ಒಂದದ, ಟೋಕನ್ ನೇರ ಹಾಕ್ತೀನಿ. ಪ್ರೋ 8ರಿಂದ ಆ ಪೋರ್ಟ್ ತೆಗೆದಾರ. ಕೀಬೋರ್ಡ್ ಪಿನ್ನಿನ ಮ್ಯಾಲೇ ಕೂಡ್ತದ, ಬ್ಲೂಟೂತ್ ಜೋಡ್ಸೋದೂ ಬ್ಯಾಡ, ಬ್ಯಾರೆ ಚಾರ್ಜೂ ಬ್ಯಾಡ. ಆದ್ರ ಹೊಸಾದು ತಗೊಳ್ಳಾವ್ರು ಕೀಬೋರ್ಡ್, ಪೆನ್ನಿನ ರೇಟ್ ಕೂಡ್ಸೇ ಲೆಕ್ಕ ಹಾಕ್ರಿ, ಭಾಳ ಸಲ ಅವು ಬ್ಯಾರೇನೇ ಕೊಳ್ಬೇಕು.

ನಮ್ಮ ಬಿಸಿಲಿನ ಮಾತೂ ಹೇಳ್ಬೇಕು. ಇಂಥಾ ಡಿವೈಸ್ 35 ಡಿಗ್ರಿ ಒಳಗ ಬಳಸ್ರಿ ಅಂತ ಕಂಪನಿಯವ್ರೇ ಹೇಳ್ತಾರ, ಇಲ್ಲಿ ಮೇ ತಿಂಗಳಾಗ 40 ದಾಟ್ತದ. ಅದಕ್ಕ ಬಸ್ಸಿನಾಗ ಕಿಟಕಿ ಬಾಜು ಕೂತ್ರ ಚೀಲದಾಗೇ ಇಡ್ತೀನಿ, ಬಿಸಿಲಿಂದ ಬಂದ ಕೂಡ್ಲೇ ಚಾರ್ಜಿಗೆ ಹಾಕಲ್ಲ.

ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಾಗ ಓದೋ ನಮ್ಮಕ್ಕನ ಮಗ ನೋಡಿ, "ಮಾಮಾ, ನಾನೂ ಇದೇ ತಗೊಳ್ಳಾ?" ಅಂದ. ಎಲ್ಲಿ ಕೂತು ಬರೀತೀಯಪ್ಪಾ ಅಂದೆ. ಹಾಸ್ಟೆಲ್‌ನಾಗ ಹಾಸಿಗಿ ಮ್ಯಾಲ, ದಿನಾ ಥೀಸಿಸ್ ಟೈಪಿಂಗ್ ಅಂದ. ಹಂಗಾದ್ರ ಬ್ಯಾಡ, ಅದೇ ರೊಕ್ಕದಾಗ ಲ್ಯಾಪ್‌ಟಾಪ್ ತಗೋ ಅಂತ ಹೇಳಿ ನಾನೇ ಹೋಗಿ ಕೊಡಿಸ್ಕೊಂಡು ಬಂದೆ.